ಹಸುವಿಗೆ 50 ರೂಪಾಯಿ, ಚಿಪ್ಪುಹಂದಿಗೆ 7 ವರ್ಷ

ಪ್ರಶ್ನೆ: ಸಾರ್, ನಮ್ಮ ಗಬ್ಬದ ಹಸು ಬೇಣದಲ್ಲಿ ಮೇಯುವಾಗ, ಹಂದಿಗೆ ಅಂತ ಯಾರೋ ಇಟ್ಟಿದ್ದ ಸಿಡಿಮದ್ದು ಕಚ್ಚಿ ದವಡೆ ಒಡೆದುಹೋಯಿತು. ನೀರು ಕುಡಿಯಲೂ ಆಗದೆ ಸತ್ತಿತು. ದೂರು ಕೊಟ್ಟರೆ 50 ರೂಪಾಯಿ ದಂಡ ಅಷ್ಟೇ ಅಂತ ಊರಲ್ಲಿ ನಗುತ್ತಾರೆ. ಹೌದಾ?
– ಓದುಗರು, ಹೊಸನಗರ ತಾಲ್ಲೂಕು

ಊರವರು ಹೇಳಿದ್ದು ಅರ್ಧ ನಿಜ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಮೊದಲ ಸಲದ ತಪ್ಪಿಗೆ ದಂಡ 10ರಿಂದ 50 ರೂಪಾಯಿ. ಅಂದು ಬರೆದ ರೇಟು, ಹಾಗೇ ಉಳಿದಿದೆ. ಈಗ ಆ ದುಡ್ಡಿಗೆ ಶಿವಮೊಗ್ಗದಲ್ಲಿ ಮಸಾಲೆದೋಸೆ ಸಿಕ್ಕರೆ ಪುಣ್ಯ.

ಆದರೆ ಆ ಕಾಯ್ದೆ ಒಂದನ್ನೇ ಹಿಡಿದು ಕೂರಬೇಡಿ. ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಂ ಇದೆ. ಪ್ರಾಣಿಯನ್ನು ಕೊಂದು ಅಥವಾ ಊನ ಮಾಡಿ ನಷ್ಟ ಮಾಡಿದರೆ 5 ವರ್ಷದವರೆಗೆ ಜೈಲು. "ಹಂದಿಗೆ ಇಟ್ಟಿದ್ದು, ನಿಮ್ಮ ಹಸು ಬಂದು ಕಚ್ಚಿದರೆ ನಾನೇನು ಮಾಡಲಿ" ಅನ್ನೋದು ಮಾಮೂಲಿ ಉತ್ತರ ಅಲ್ವಾ? ಅಲ್ಲಿ ದಿನಾ ದನ ಮೇಯುತ್ತವೆ ಅಂತ ಗೊತ್ತಿದ್ದೂ ಇಟ್ಟಿದ್ದರೆ ಆ ನೆಪ ಸುಲಭಕ್ಕೆ ನಡೆಯಲ್ಲ. ಕಾಡುಹಂದಿಯೂ ವನ್ಯಜೀವಿ ಕಾಯ್ದೆಯ ಪಟ್ಟಿಯಲ್ಲಿದೆ, ಅನುಮತಿ ಇಲ್ಲದೆ ಮದ್ದಿಟ್ಟು ಕೊಂದರೆ ಅದು ಬೇಟೆಯೇ. ಅಂದರೆ ಹಾಗೆ ಹೇಳಿದವನು ಇನ್ನೊಂದು ಕೇಸನ್ನು ತಾನೇ ಮೈಮೇಲೆ ಎಳೆದುಕೊಂಡ ಹಾಗಾಯಿತು. ಸ್ಫೋಟಕದ ಕೇಸು ಬೇರೆ.

ಒಂದು ಮಾತು: ಇನ್ನು ಮುಂದೆ ಯಾರ ಮನೆಯಲ್ಲಿ ಹೀಗಾದರೂ, ಹೂಳುವ ಮೊದಲು ಪಶುವೈದ್ಯರಿಂದ ಮರಣೋತ್ತರ ಪರೀಕ್ಷೆ ಮಾಡಿಸಿ. ಆ ವರದಿ ಇಲ್ಲದ ದೂರು ಸ್ಟೇಷನ್ನಿನಲ್ಲೇ ಸೊರಗುತ್ತದೆ.

ಪ್ರಶ್ನೆ: ತೋಟದಲ್ಲಿ ಸಿಕ್ಕ ಚಿಪ್ಪುಹಂದಿಯ ಚಿಪ್ಪಿಗೆ ಒಬ್ಬ ಒಳ್ಳೆ ರೇಟು ಹೇಳಿ ಹೋದ. ಮಗಳು "ಅಪ್ಪ, ಅದಕ್ಕೆ ಅಂತರರಾಷ್ಟ್ರೀಯ ಒಪ್ಪಂದ ಇದೆ" ಅಂತಾಳೆ. ನಮ್ಮ ಅಡಿಕೆ ತೋಟಕ್ಕೂ ಅದಕ್ಕೂ ಏನು ಸಂಬಂಧ?
– ಓದುಗರು, ತೀರ್ಥಹಳ್ಳಿ

ಮಗಳು ಹೇಳಿದ್ದು ಸರಿ. ಆ ಒಪ್ಪಂದದ ಹೆಸರು ಸೈಟೀಸ್, ಅಳಿವಿನಂಚಿನ ಪ್ರಾಣಿ, ಗಿಡಗಳ ದೇಶ-ದೇಶದ ನಡುವಿನ ವ್ಯಾಪಾರಕ್ಕೆ ಕಡಿವಾಣ ಹಾಕೋದು. 1973ರಲ್ಲಿ ವಾಷಿಂಗ್ಟನ್‌ನಲ್ಲಿ ಆಯಿತು, 1976ರಲ್ಲಿ ಭಾರತ ಸೇರಿತು. 2016ರ ಜೊಹಾನ್ಸ್‌ಬರ್ಗ್ ಸಭೆಯಲ್ಲಿ ಎಲ್ಲ ಜಾತಿಯ ಚಿಪ್ಪುಹಂದಿಗಳನ್ನೂ ಅದರ ಮೊದಲ ಪಟ್ಟಿಗೆ ಹಾಕಿದರು. ಅಂದರೆ ದೇಶದಿಂದ ದೇಶಕ್ಕೆ ವ್ಯಾಪಾರ ಬಂದ್. ಆದರೆ ಸೈಟೀಸ್‌ನವರು ಬಂದು ನಿಮ್ಮ ತೋಟದಲ್ಲಿ ಯಾರನ್ನೂ ಹಿಡಿಯಲ್ಲ. ಹಿಡಿಯೋದು ನಮ್ಮದೇ 1972ರ ವನ್ಯಜೀವಿ ಕಾಯ್ದೆ. ಚಿಪ್ಪುಹಂದಿ ಅದರ ಒಂದನೇ ಷೆಡ್ಯೂಲಿನ, ಅಂದರೆ ಅತಿ ಹೆಚ್ಚು ರಕ್ಷಣೆ ಇರುವ ಪಟ್ಟಿಯ ಪ್ರಾಣಿ. ಶಿಕ್ಷೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ, ಮೇಲೆ ಕನಿಷ್ಠ 25,000 ರೂಪಾಯಿ ದಂಡ. ಮಾರಿದವನಿಗಷ್ಟೇ ಅಲ್ಲ, ಕೊಂಡವನಿಗೂ. ಅಷ್ಟಕ್ಕೂ ಆ ಚಿಪ್ಪು ಅಂದರೆ ನಮ್ಮ ಉಗುರಲ್ಲಿರೋ ಪದಾರ್ಥವೇ, ಔಷಧಿ ಅನ್ನೋದೆಲ್ಲ ಸುಮ್ನೆ. ಬಿಟ್ಟರೆ ತೋಟದ ಗೆದ್ದಲು ತಿಂದುಕೊಂಡಿರುತ್ತದೆ. ಅರಣ್ಯ ಇಲಾಖೆಗೆ ಫೋನ್ ಮಾಡಿ, ರೇಟು ಹೇಳಿದವನ ಸುದ್ದಿಯನ್ನೂ ಹೇಳಿ.

ಪ್ರಶ್ನೆ: ದನಕರುಗಳಿಗೂ ಹಾಗೊಂದು ಜಾಗತಿಕ ಒಪ್ಪಂದ ಇಲ್ಲವಾ?
– ಓದುಗರು, ಶಿಕಾರಿಪುರ

ಇಲ್ಲ. ಪ್ಯಾರಿಸ್‌ನಲ್ಲಿರುವ ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆ ಸಾಗಣೆ, ವಧೆ ಹೇಗಿರಬೇಕು ಅಂತ ಮಾನದಂಡ ಬರೆದಿದೆ, ಮುರಿದವನಿಗೆ ಶಿಕ್ಷೆ ಕೊಡುವ ಅಧಿಕಾರ ಅದಕ್ಕಿಲ್ಲ. ನಮ್ಮ 1978ರ ಸಾಗಣೆ ನಿಯಮವೇ ವಾಸಿ: ಸಾಮಾನ್ಯ ಸರಕು ಲಾರಿಯಲ್ಲಿ 6ಕ್ಕಿಂತ ಜಾಸ್ತಿ ದನ ತುಂಬುವಂತಿಲ್ಲ, ಪಶುವೈದ್ಯರ ಸರ್ಟಿಫಿಕೇಟ್ ಜೊತೆಗಿರಬೇಕು. ಮುಂದಿನ ಸಲ ಸಂತೆಯಿಂದ ಹೊರಡುವ ಲಾರಿಯನ್ನು ಎಣಿಸಿ ನೋಡಿ.