ಊರು ಕೊಡಗು, ಅರ್ಜಿಯಲ್ಲಿ ತೆಲಂಗಾಣ

ಪ್ರತಿ ವರ್ಷ ಏಪ್ರಿಲ್ ಮತ್ತು ಜೂನ್ ನಡುವೆ ಎಂಜಿನಿಯರಿಂಗ್ ಸೀಟಿನ ಮಟ್ಟಿಗೆ ಮಕ್ಕಳು ಯಾವ ರಾಜ್ಯದವರು ಎಂಬ ಇದೇ ಗೊಂದಲವನ್ನು ಹೊತ್ತು ಕೊಡಗಿನ ಒಂದಲ್ಲ ಒಂದು ಕುಟುಂಬ ಸಲಹೆಗಾಗಿ ನನ್ನ ಬಳಿಗೆ ಬರುತ್ತಿರುವುದರಿಂದ ಈ ಪ್ರಕರಣವನ್ನು ಬರೆಯುತ್ತಿದ್ದೇನೆ. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.

ದಕ್ಷಿಣ ಕೊಡಗಿನ ಕಾಫಿ ಬೆಳೆಗಾರರೊಬ್ಬರ ಮಗ, ವಯಸ್ಸು ಹದಿನೆಂಟು. ಎಸ್ಸೆಸ್ಸೆಲ್ಸಿಯವರೆಗೆ ಮನೆಯ ಸಮೀಪದಲ್ಲೇ ಓದಿದ್ದ ಅವನು ನಂತರದ ಎರಡು ವರ್ಷಗಳನ್ನು ಹೈದರಾಬಾದಿನ ವಸತಿ ಕಾಲೇಜೊಂದರಲ್ಲಿ, ಜೆಇಇ (ಎನ್‌ಐಟಿಯಂಥ ಕೇಂದ್ರದ ಎಂಜಿನಿಯರಿಂಗ್ ಸಂಸ್ಥೆಗಳ ಪ್ರವೇಶ ಪರೀಕ್ಷೆ) ಕೋಚಿಂಗ್ ಜೊತೆಗೆ ಕಳೆದಿದ್ದ. ಎರಡು ವರ್ಷದ ಕರಿಮೆಣಸಿನ ಹಣ ಅಲ್ಲಿಗೇ ಹೋಗಿತ್ತು. ಏಪ್ರಿಲ್‌ನಲ್ಲಿ ಬಂದ ರ‍್ಯಾಂಕ್ ಕೆಟ್ಟದ್ದೇನೂ ಆಗಿರಲಿಲ್ಲ. ಆದರೂ ಹುಡುಗ ರಾತ್ರಿ ನಿದ್ದೆ ಮಾಡುತ್ತಿರಲಿಲ್ಲ, ಊಟಕ್ಕೆ ಕರೆದರೂ ಕೋಣೆಯಿಂದ ಹೊರಗೆ ಬರುತ್ತಿರಲಿಲ್ಲ. “ಸ್ವಲ್ಪ ಧೈರ್ಯ ಹೇಳಿ ಮೇಡಂ. ಸುರತ್ಕಲ್ ಎನ್‌ಐಟಿ ಸಿಕ್ಕೇ ಸಿಗ್ತದೆ, ಇವನು ಸುಮ್ಮನೆ ಹೆದರಿಕೊಂಡಿದ್ದಾನೆ,” ಎಂದು ತಂದೆ ಕೇಳಿಕೊಂಡರು. ಮೊದಲ ಭೇಟಿಯಲ್ಲಿ ಹುಡುಗ ಹೆಚ್ಚು ಮಾತನಾಡಲಿಲ್ಲ.

ಎರಡನೆಯ ಭೇಟಿಗೆ ತಂದೆ ಒಂದು ನೋಟ್‌ಬುಕ್ ತಂದಿದ್ದರು. ಹಿಂದಿನ ಮೂರು ವರ್ಷಗಳಲ್ಲಿ ಸುರತ್ಕಲ್ ಎನ್‌ಐಟಿಯ ಪ್ರತಿಯೊಂದು ವಿಭಾಗದಲ್ಲಿ ಕೊನೆಯ ಸೀಟು ಯಾವ ರ‍್ಯಾಂಕಿಗೆ ಸಿಕ್ಕಿತ್ತು ಎಂಬುದನ್ನು ಈ ಸೀಟುಗಳನ್ನು ಹಂಚುವ ಕೇಂದ್ರದ ಪ್ರಾಧಿಕಾರವಾದ ಜೋಸಾದ ಪಟ್ಟಿಯಿಂದ ಅಂದವಾಗಿ ನಕಲು ಮಾಡಿ, ಮಗನ ರ‍್ಯಾಂಕನ್ನು ಕೆಂಪು ಶಾಯಿಯಲ್ಲಿ ಪಕ್ಕಕ್ಕೆ ಬರೆದಿದ್ದರು. ಲೆಕ್ಕದಲ್ಲಿ ಒಂದೇ ಒಂದು ತಪ್ಪೂ ಇರಲಿಲ್ಲ. ಆದರೆ ಅವರು ನಕಲು ಮಾಡಿದ್ದು ಅಷ್ಟೂ ‘ಹೋಮ್ ಸ್ಟೇಟ್’, ಅಂದರೆ ತವರು ರಾಜ್ಯದವರ ಸಾಲುಗಳನ್ನು. ನಾನು ಹುಡುಗನ ಕಡೆಗೆ ತಿರುಗಿ, ಅರ್ಜಿ ತುಂಬುವಾಗ ಅರ್ಹತೆಯ ರಾಜ್ಯ ಎಂಬಲ್ಲಿ ಏನು ಬರೆದೆ ಎಂದು ಕೇಳಿದೆ.

“ತೆಲಂಗಾಣ,” ಎಂದ.

ತಂದೆ, ಅದು ಹಾಸ್ಟೆಲಿನ ವಿಳಾಸವಿರಬೇಕು, ಆಧಾರ್, ರೇಷನ್ ಕಾರ್ಡ್, ವಾಸಸ್ಥಳದ ಪ್ರಮಾಣಪತ್ರ ಎಲ್ಲವೂ ಇಲ್ಲಿಯದೇ ಇದೆ, ತಿದ್ದಿಸಿದರಾಯಿತು ಎಂದರು. ಆಗ ಹುಡುಗ ನೆಲ ನೋಡುತ್ತಲೇ ಹೇಳಿದ: “ತಿದ್ದಲಿಕ್ಕೆ ಆಗುವುದಿಲ್ಲ ಅಪ್ಪ. ಅರ್ಜಿ ಹಾಕಿದ ದಿನವೇ ನನಗೆ ಗೊತ್ತಿತ್ತು. ನೀವು ಆಗಲೇ ಎಲ್ಲರಿಗೂ ಸುರತ್ಕಲ್ ಅಂತ ಹೇಳಿಯಾಗಿತ್ತು.”

ಆ ಮಾತಿನ ನಂತರ ತುಂಬಾ ಹೊತ್ತು ಯಾರೂ ಮಾತನಾಡಲಿಲ್ಲ. ಹುಡುಗನ ನಿದ್ದೆ ಕೆಡಿಸಿದ್ದು ರ‍್ಯಾಂಕ್ ಅಲ್ಲ, ಹೇಳಲಾಗದೆ ತಿಂಗಳುಗಟ್ಟಲೆ ಒಬ್ಬನೇ ಇಟ್ಟುಕೊಂಡಿದ್ದ ಈ ಸಂಗತಿ.

ನಿಯಮ ಹೀಗಿದೆ. ಎನ್‌ಐಟಿಗಳ ಅರ್ಧದಷ್ಟು ಸೀಟುಗಳು ಆ ಸಂಸ್ಥೆ ಇರುವ ರಾಜ್ಯದ ಅಭ್ಯರ್ಥಿಗಳಿಗೆ, ಉಳಿದರ್ಧ ಹೊರರಾಜ್ಯದವರಿಗೆ. ಅಭ್ಯರ್ಥಿ ಯಾವ ರಾಜ್ಯದವನು ಎಂಬುದನ್ನು ತೀರ್ಮಾನಿಸುವುದು ಹುಟ್ಟಿದ ಊರಾಗಲಿ, ತೋಟದ ಪಹಣಿಯಾಗಲಿ ಅಲ್ಲ. ಹನ್ನೆರಡನೆಯ ತರಗತಿಯನ್ನು ಮೊದಲ ಬಾರಿಗೆ ಪಾಸು ಮಾಡಿದ ರಾಜ್ಯ. ಮುಂದೆ ಕರ್ನಾಟಕದಲ್ಲಿ ಪುನಃ ಪರೀಕ್ಷೆ ಬರೆದರೂ ಅದು ಬದಲಾಗುವುದಿಲ್ಲ. ಹೀಗಾಗಿ ಈ ಹುಡುಗನಿಗೆ ತೆಲಂಗಾಣದ ವಾರಂಗಲ್ ಎನ್‌ಐಟಿ ತವರು ರಾಜ್ಯದ ಸಂಸ್ಥೆಯಾಯಿತು, ಸುರತ್ಕಲ್ ಹೊರಗಿನದಾಯಿತು. ಅದೇ ಹುಡುಗ ನಮ್ಮ ರಾಜ್ಯದ ಪ್ರವೇಶ ಪರೀಕ್ಷೆಯಾದ ಸಿಇಟಿಗೆ ಮಾತ್ರ ಕರ್ನಾಟಕದವನೇ, ಏಕೆಂದರೆ ಒಂದರಿಂದ ಹತ್ತರವರೆಗೆ ಇಲ್ಲೇ ಓದಿ ಇಲ್ಲೇ ಎಸ್ಸೆಸ್ಸೆಲ್ಸಿ ಪಾಸಾಗಿದ್ದಾನೆ. ಒಬ್ಬನೇ ಹುಡುಗ ಎರಡು ಪ್ರಾಧಿಕಾರಗಳ ಕಣ್ಣಿಗೆ ಎರಡು ರಾಜ್ಯದವನಾಗಬಹುದು ಎಂಬುದನ್ನು, ಹತ್ತನೆಯ ತರಗತಿ ಮುಗಿದೊಡನೆ ಮಕ್ಕಳನ್ನು ಹೈದರಾಬಾದಿಗೋ ಕೇರಳಕ್ಕೋ ಕಳುಹಿಸುವ ಮನೆಗಳಿಗೆ ಆ ಹೊತ್ತಿನಲ್ಲಿ ಯಾರೂ ತಿಳಿಸುವುದಿಲ್ಲ ಎಂಬುದೇ ನನ್ನನ್ನು ಕಾಡುವ ವಿಷಯ.

ಅಷ್ಟೊಂದು ಖರ್ಚು ಮಾಡಿದ ತಂದೆಗೆ ಅವರ ಮಗನ ಎದುರಿನಲ್ಲೇ ಇದನ್ನೆಲ್ಲ ಬಿಡಿಸಿ ಹೇಳಬೇಕಿತ್ತೇ ಎಂದು ಸಹೋದ್ಯೋಗಿಯೊಬ್ಬರು ನನ್ನನ್ನು ಕೇಳಿದ್ದುಂಟು. ಬೇಕಿತ್ತು ಎಂದೇ ಈಗಲೂ ನಂಬಿದ್ದೇನೆ. ಸಿಗುತ್ತದೆ ಎಂದು ಬೆನ್ನು ತಟ್ಟಿ ಕಳುಹಿಸಿದ್ದರೆ ತಂದೆಗೆ ಒಂದು ತಿಂಗಳ ನೆಮ್ಮದಿ ಸಿಗುತ್ತಿತ್ತು. ಆ ಒಂದು ತಿಂಗಳು ಹುಡುಗನ ಪಾಲಿಗೆ ಹೇಗಿರುತ್ತಿತ್ತು ಎಂಬುದನ್ನು ಅವನ ಮುಖವೇ ಹೇಳುತ್ತಿತ್ತು. ಅಲ್ಲದೆ, ಹೊರರಾಜ್ಯದ ಸಾಲಿನಲ್ಲಿ ನಿಂತವನು ತವರಿನ ಸಾಲಿನ ರ‍್ಯಾಂಕ್ ನೋಡಿ ನಂಬಿಕೆ ಇಟ್ಟುಕೊಂಡು ಕೊನೆಗೆ ಸೀಟು ಸಿಗದಿದ್ದಾಗ, ಅದನ್ನು ತನ್ನ ಬುದ್ಧಿಯ ಕೊರತೆಯೆಂದೇ ತಿಳಿಯುತ್ತಾನೆ.

ನೋಟ್‌ಬುಕ್‌ನ ಹೊಸ ಹಾಳೆಯಲ್ಲಿ ಎಲ್ಲವನ್ನೂ ಮೊದಲಿನಿಂದ ಬರೆಯಲು ಸಲಹೆ ನೀಡಿದೆ. ಸಂಸ್ಥೆ, ವಿಭಾಗ, ಕೋಟಾ (ತವರೋ ಹೊರರಾಜ್ಯವೋ), ಮೀಸಲು ವರ್ಗ, ಲಿಂಗ ಈ ಐದೂ ತನಗೆ ಹೊಂದುವ ಸಾಲನ್ನು ಮಾತ್ರ ನೋಡಬೇಕು. ಮೀಸಲು ವರ್ಗದ ಸಾಲುಗಳಲ್ಲಿರುವುದು ಆಯಾ ವರ್ಗದೊಳಗಿನ ರ‍್ಯಾಂಕ್ ಎಂಬುದನ್ನು ಮರೆಯಬಾರದು. ಸೀಟು ಹಂಚಿಕೆಯ ಕೊನೆಯ ಸುತ್ತಿನ ಅಂಕಿಯನ್ನು ಮೂರು ವರ್ಷಗಳಿಗೆ ಬರೆದುಕೊಂಡು, ಅವುಗಳ ನಡುವಿನ ಅಂತರವನ್ನು ನೋಡಬೇಕು, ಏಕೆಂದರೆ ಒಂದು ಸಾಲಿನಲ್ಲಿ ಕೆಲವೇ ಸೀಟುಗಳಿದ್ದಾಗ ನಾಲ್ಕೈದು ಮಂದಿ ಮನಸ್ಸು ಬದಲಿಸಿದರೂ ಅಂಕಿ ಜಿಗಿಯುತ್ತದೆ. ಮೂರೂ ವರ್ಷ ತನ್ನ ರ‍್ಯಾಂಕಿಗೆ ಸಿಗುತ್ತಿದ್ದ ಸೀಟುಗಳು ಒಂದು ಕಡೆ, ಒಮ್ಮೆ ಸಿಕ್ಕು ಒಮ್ಮೆ ಕೈತಪ್ಪುತ್ತಿದ್ದವು ಇನ್ನೊಂದು ಕಡೆ.

ಮೀಸಲಾತಿಯ ಬಗ್ಗೆಯೂ ಅಂದೇ ಮಾತನಾಡಬೇಕಾಯಿತು. ನಮ್ಮ 2ಎ, 3ಎ ಮುಂತಾದವು ರಾಜ್ಯದ ಪಟ್ಟಿಗಳು. ಎನ್‌ಐಟಿಗಳಿಗೆ ನಡೆಯುವುದು ಕೇಂದ್ರದ ಒಬಿಸಿ ಪಟ್ಟಿ, ಮತ್ತು ಇಲ್ಲಿ ಇರುವ ಹೆಸರು ಅಲ್ಲಿಯೂ ಇರಬೇಕೆಂದಿಲ್ಲ. ಸಿಇಟಿಯ ಗ್ರಾಮೀಣ ಕೋಟಾ, ಕನ್ನಡ ಮಾಧ್ಯಮ ಕೋಟಾ ಅಲ್ಲಿಲ್ಲ. ಬೆಲೆ ಕುಸಿದ ವರ್ಷ ಆದಾಯ ಎಂಟು ಲಕ್ಷದೊಳಗೆ ಬಂದರೂ, ಕುಟುಂಬಕ್ಕೆ ಐದು ಎಕರೆ ಅಥವಾ ಅದಕ್ಕಿಂತ ಹೆಚ್ಚು ಕೃಷಿಭೂಮಿ ಇದ್ದರೆ ಇಡಬ್ಲ್ಯುಎಸ್ (ಆರ್ಥಿಕವಾಗಿ ದುರ್ಬಲ ವರ್ಗದ) ಪ್ರಮಾಣಪತ್ರ ದೊರೆಯುವುದಿಲ್ಲ. ತೋಟವಿರುವ ಕೊಡಗಿನ ಮನೆಗಳು ಇದನ್ನು ಫಲಿತಾಂಶಕ್ಕೆ ಮೊದಲೇ ತಿಳಿದಿರಬೇಕು.

ಆಯ್ಕೆಗಳನ್ನು ತುಂಬುವಾಗ ಸಿಗುವ ಸಂಭವದ ಕ್ರಮ ಬೇಡ, ನಿಜವಾದ ಇಷ್ಟದ ಕ್ರಮವೇ ಇರಲಿ ಎಂದು ಒತ್ತಿ ಹೇಳಿದೆ. ಸಿಗಲಾರದ್ದನ್ನು ಮೇಲೆ ಬರೆದರೆ ಕೆಳಗಿನದು ಕೈತಪ್ಪುವುದಿಲ್ಲ, ಆದರೆ ಸಿಗಬಹುದಾದದ್ದನ್ನು ಪಟ್ಟಿಯಲ್ಲಿ ಬರೆಯದೇ ಬಿಟ್ಟರೆ ಅದು ಖಂಡಿತ ಸಿಗುವುದಿಲ್ಲ. ಜೂನ್‌ನಲ್ಲಿ ಮಳೆ ಹಿಡಿದರೆ ಅವರ ಕಡೆ ಕರೆಂಟೂ ನೆಟ್‌ವರ್ಕೂ ದಿನಗಟ್ಟಲೆ ಹೋಗುವುದರಿಂದ, ಕೊನೆಯ ದಿನಕ್ಕೆ ಕಾಯದೆ ಪಟ್ಟಿ ಲಾಕ್ ಮಾಡಲು ಮಡಿಕೇರಿಗೆ ಬರುವಂತೆ ತಿಳಿಸಿದೆ.

ಬಂದರು. ತಂದೆ ನೋಟ್‌ಬುಕ್ ಹಿಡಿದು ಒಂದೊಂದೇ ಸಾಲು ಓದಿದರು, ಮಗ ಟೈಪ್ ಮಾಡಿದ. ಹೊಸ ಹಾಳೆಯಲ್ಲಿ ಪ್ರತಿ ಹೆಸರಿನ ಪಕ್ಕಕ್ಕೂ ‘ಹೊರರಾಜ್ಯ’ ಅಥವಾ ‘ತವರು’ ಎಂದು ಹುಡುಗನೇ ಬರೆದಿದ್ದ. ಮೊದಲ ಸಾಲಿನಲ್ಲಿ ಸುರತ್ಕಲ್ ಹಾಗೆಯೇ ಇತ್ತು; ಅದರ ಪಕ್ಕದಲ್ಲಿ ‘ಹೊರರಾಜ್ಯ’ ಎಂದಿದ್ದುದನ್ನು ತಂದೆ ಗಟ್ಟಿಯಾಗಿ ಓದಿ, ಮುಂದಿನ ಸಾಲಿಗೆ ಹೋದರು.