ಕಾಲಿರುವ ಟ್ಯಾಂಕು ನಡೆದೀತೇ?

ಮೊದಲ ಮಹಾಯುದ್ಧ 1920 ದಾಟಿಯೂ ನಿಲ್ಲದೆ ಹೋಗಿದ್ದರೆ ಎಂಬ ಕಲ್ಪನೆಯ ಯುದ್ಧದಾಟಗಳ ಬಗ್ಗೆ ಕಳೆದ ಸಂಚಿಕೆಯಲ್ಲಿ ಬರೆದಿದ್ದೆವು. ಎರಡು ಕಾಲಿನ ಕವಚಯಂತ್ರಗಳು, ಅಂದರೆ ಮೆಕ್‌ಗಳು, ಅವುಗಳಲ್ಲಿ ಟ್ಯಾಂಕಿನ ಜಾಗದಲ್ಲಿ ನಿಂತು ಕಾದಾಡುತ್ತವೆ. ಆ ಕಾಲದ ಎಂಜಿನ್ನಿಗೆ ಅಂಥ ಯಂತ್ರದಿಂದ ಒಂದು ಹೆಜ್ಜೆ ಇಡಿಸುವ ತಾಕತ್ತೂ ಇರಲಿಲ್ಲ, ಹಾಗಿರುವಾಗ ವಿಜ್ಞಾನದ ಪತ್ರಿಕೆ ಇದಕ್ಕೆ ಪುಟಗಳನ್ನೇಕೆ ಕೊಡಬೇಕು ಎಂದು ಓದುಗರಾದ ನೀವು ಪತ್ರದಲ್ಲಿ ಕೇಳಿದ್ದೀರಿ.

ಎಂಜಿನ್ನಿನ ವಿಚಾರದಲ್ಲಿ ನಿಮ್ಮ ಮಾತು ಪೂರ್ತಿ ಸರಿ. 1916ರ ಸೆಪ್ಟೆಂಬರ್ 15ರಂದು ಫ್ರಾನ್ಸಿನ ಸೊಮ್ ರಣರಂಗಕ್ಕಿಳಿದ ಬ್ರಿಟನ್ನಿನ ಮಾರ್ಕ್ 1 ಟ್ಯಾಂಕು ಸುಮಾರು 28 ಟನ್ ತೂಗುತ್ತಿತ್ತು. ಎಂಜಿನ್ 105 ಅಶ್ವಶಕ್ತಿಯದು. ಟನ್ನಿಗೆ 4 ಅಶ್ವಶಕ್ತಿಯೂ ಇಲ್ಲ. ಒಳಗಿದ್ದ ಎಂಟು ಜನರಲ್ಲಿ ನಾಲ್ವರು ಅದನ್ನು ಓಡಿಸಿ ತಿರುಗಿಸುವುದಕ್ಕೇ ಬೇಕಿತ್ತು.

ಕಾಲಿನ ಲೆಕ್ಕ ಇನ್ನೂ ಕಠಿಣ. ಅದೇ ಆಕಾರದಲ್ಲಿ ಎತ್ತರವನ್ನು ಎರಡರಷ್ಟು ಮಾಡಿದರೆ ತೂಕ ಎಂಟು ಪಟ್ಟಾಗುತ್ತದೆ, ಅದನ್ನು ಹೊರಬೇಕಾದ ಕಾಲಿನ ಅಡ್ಡಕೊಯ್ತ ಮಾತ್ರ ನಾಲ್ಕೇ ಪಟ್ಟು. ಒಂದು ಕಾಲನ್ನು ಎತ್ತಿದ ಗಳಿಗೆಯಲ್ಲಿ ಇಡೀ ಭಾರ ಇನ್ನೊಂದು ಅಂಗಾಲಿನ ಮೇಲೆ ಬೀಳುತ್ತದೆ. 20 ಟನ್ನಿನ ಮೆಕ್‌ಗೆ ಒಂದು ಚದರ ಮೀಟರಿನ ಅಂಗಾಲಿದೆ ಎನ್ನೋಣ. ಆಗ ನೆಲದ ಮೇಲಿನ ಒತ್ತಡ ಚದರ ಸೆಂಟಿಮೀಟರಿಗೆ 2 ಕಿಲೊ. ಎರಡನೇ ಮಹಾಯುದ್ಧದ ಟೈಗರ್ ಟ್ಯಾಂಕು 57 ಟನ್ ತೂಗಿದರೂ ಅದರ ಒತ್ತಡ ಸುಮಾರು 1 ಕಿಲೊ. ಅಂಥ ಟ್ಯಾಂಕೇ ಕೆಸರಿನಲ್ಲಿ ಹೂತು ನಿಲ್ಲುತ್ತಿತ್ತು.

ಈ ಲೆಕ್ಕಗಳಿಗಾಗಿಯೇ ನನಗೆ ಈ ಆಟಗಳು ಇಷ್ಟ. ಬಲವಾದ ಎಂಜಿನ್ ಎಂಬ ಒಂದೇ ಒಂದು ಸುಳ್ಳನ್ನು ಆಟದ ವಿನ್ಯಾಸಕಾರ ಕೇಳಿಕೊಳ್ಳಲಿ, ಕೊಡೋಣ. ಉಳಿದದ್ದೆಲ್ಲ ಅದರಿಂದಲೇ ಹುಟ್ಟಬೇಕು. ಮೆಕ್ ಕಂದಕವನ್ನು ಒಂದೇ ಹೆಜ್ಜೆಗೆ ದಾಟಲಿ. ಆದರೆ ಮಳೆ ಬಂದ ಸರದಿಯಲ್ಲಿ ಹೂತುಕೊಳ್ಳಲಿ, ದೂರದ ಫಿರಂಗಿಗೆ ಅದರ ಎತ್ತರವೇ ಗುರಿಯಾಗಲಿ, ಮಡಚಲೇಬೇಕಾದ ಮೊಣಕಾಲಿಗೆ ದಪ್ಪ ಕವಚ ಹೊದಿಸಲಾಗದೆ ಕಾಲಾಳುಗಳು ಅಲ್ಲಿಗೇ ಗುಂಡಿಡಲಿ. ಈ ನಿಯಮಗಳಿಲ್ಲದ ಆಟದಲ್ಲಿ ಮೆಕ್ ಎಂದರೆ ದೊಡ್ಡ ಅಂಕಿಗಳ ಟ್ಯಾಂಕು, ಅಷ್ಟೆ. ಅಂಥವುಗಳ ಬಗ್ಗೆ ನಿಮ್ಮ ಸಿಟ್ಟೇ ನನ್ನದೂ.

ನಿಜದ ಎಂಜಿನಿಯರುಗಳೂ ಇಂಥ ಕನಸು ಕಂಡವರೇ. ರಷ್ಯಾದಲ್ಲಿ ಲೆಬೆಡೆಂಕೊ ಕಟ್ಟಿಸಿದ ‘ತ್ಸಾರ್ ಟ್ಯಾಂಕ್’ಗೆ ಮುಂದೆ ಸುಮಾರು 9 ಮೀಟರ್ ವ್ಯಾಸದ ಎರಡು ಚಕ್ರಗಳಿದ್ದವು. 1915ರ ಪರೀಕ್ಷೆಯಲ್ಲಿ ಹಿಂದಿನ ಪುಟ್ಟ ಚಕ್ರ ಮೆತ್ತನೆಯ ನೆಲದಲ್ಲಿ ಸಿಕ್ಕಿಕೊಂಡಿತು. ಮೇಲೆತ್ತಲಾಗದ ಆ ಯಂತ್ರ ವರ್ಷಗಟ್ಟಲೆ ಅಲ್ಲೇ ನಿಂತು ಕೊನೆಗೆ ಗುಜರಿಯಾಯಿತು. 1960ರ ದಶಕದಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿ ಸೈನ್ಯಕ್ಕಾಗಿ ಮಾಡಿದ ನಾಲ್ಕು ಕಾಲಿನ ವಾಹನ ನಿಜಕ್ಕೂ ನಡೆಯಿತು. ಆದರೆ ನಾಲ್ಕೂ ಕಾಲುಗಳನ್ನು ಚಾಲಕ ತನ್ನ ಕೈಕಾಲುಗಳಿಂದಲೇ ಆಡಿಸಬೇಕಿತ್ತು, ಸ್ವಲ್ಪ ಹೊತ್ತಿಗೇ ಸುಸ್ತಾಗುತ್ತಿದ್ದ. ಚಾಲಕನ ಈ ದಣಿವನ್ನು ನಿಯಮವಾಗಿಸಿದ ಆಟವನ್ನು ನಾನಿನ್ನೂ ಕಂಡಿಲ್ಲ. ನಿಮ್ಮಂಥ ಲೆಕ್ಕದವರು ಅದನ್ನು ಬರೆದು ಕಳಿಸಿದರೆ ಖಂಡಿತ ಪ್ರಕಟಿಸುತ್ತೇವೆ.

— ಸಂಪಾದಕ