ಅಜ್ಜಿಯ ಪೆಟ್ಟಿಗೆಯ ಹಳದಿ ಗಟ್ಟಿಯೊಳಗೆ ಯಾವ ಹುಳ?

ಪ್ರಶ್ನೆ: ಕೊಡಗಿನ ನಾಪೋಕ್ಲು ಹತ್ತಿರದ ನಮ್ಮ ಐನ್‌ಮನೆಯ (ಮನೆತನದ ಹಳೆಯ ಮನೆ) ಅಟ್ಟದಲ್ಲಿ ಅಜ್ಜಿಯ ಪೆಟ್ಟಿಗೆ ತೆಗೆದಾಗ ನಿಂಬೆಹಣ್ಣಿನಷ್ಟು ದೊಡ್ಡ ಹಳದಿ ಗಟ್ಟಿ ಸಿಕ್ಕಿತು. ಒಳಗೆ ಎಳ್ಳುಕಾಳಿನಷ್ಟು ಹುಳ, ರೆಕ್ಕೆಯೂ ಕಾಣುತ್ತದೆ. ಫೋಟೊ ಕಳಿಸಿದ್ದೇನೆ. ಇದು ಅಂಬರ್ ಅಲ್ವಾ? ಇಷ್ಟು ಚಿಕ್ಕ ಹುಳ ಯಾವುದು ಅಂತ ಹೇಗೆ ಗೊತ್ತಾಗುತ್ತದೆ?

ಉತ್ತರ: ಬೇಸರ ಮಾಡಿಕೊಳ್ಳಬೇಡಿ, ಅಂಬರ್ ಇರಲಾರದು. ಅಂಬರ್ ಅಂದರೆ ಬಹಳ ಹಿಂದಿನ ಕಾಲದ ಮರದ ಅಂಟು ನೆಲದಡಿ ಸೇರಿ ಕಲ್ಲಿನಂತಾದದ್ದು. ಕೊಡಗಿನ ಬಂಡೆಗಳು ಸುಮಾರು 300 ಕೋಟಿ ವರ್ಷ ಹಳೆಯವು. ಆಗ ಭೂಮಿಯ ಮೇಲೆ ಮರವೇ ಇರಲಿಲ್ಲ, ಇನ್ನು ಮರದ ಅಂಟು ಎಲ್ಲಿಂದ ಬರಬೇಕು? ನಿಮ್ಮದು ಹೆಚ್ಚಾಗಿ ಧೂಪದ ಮರದ ಅಂಟು. ಪೂಜೆಗೆಂದು ಅಜ್ಜಿ ಎತ್ತಿಟ್ಟಿರಬೇಕು.

ಹಾಗಂತ ಅದನ್ನು ಕಡೆಗಣಿಸಬೇಡಿ. ಗುಜರಾತಿನ ವಸ್ತಾನ್ ಲಿಗ್ನೈಟ್ (ಕಂದು ಕಲ್ಲಿದ್ದಲು) ಗಣಿಯಲ್ಲಿ 5 ಕೋಟಿ ವರ್ಷಕ್ಕೂ ಹಳೆಯ ಅಂಬರ್ ಸಿಕ್ಕಿದೆ. ಅದನ್ನು ಸುರಿಸಿದ್ದು ನಮ್ಮ ಧೂಪದ ಮರದ ಕುಟುಂಬದ್ದೇ ಮರ! 2010ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಅದರಲ್ಲಿ 700ಕ್ಕೂ ಹೆಚ್ಚು ಕೀಟ, ಜೇಡಗಳಂಥ ಜೀವಿಗಳಿದ್ದವು. ಯುರೋಪಿನ ಬಾಲ್ಟಿಕ್ ಸಮುದ್ರದ ಕಡೆ ಸಿಗುವ ಬಾಲ್ಟಿಕ್ ಅಂಬರ್ ದ್ರಾವಕಕ್ಕೆ ಸುಲಭವಾಗಿ ಜಗ್ಗುವುದಿಲ್ಲ. ಗುಜರಾತಿನದು ಟೊಲ್ಯೂನ್ ಅನ್ನುವ ದ್ರಾವಕದಲ್ಲಿ ಕರಗುತ್ತದೆ. ಹಾಗಾಗಿ ಕೆಲವು ಹುಳಗಳನ್ನು ಇಡಿಯಾಗಿ ಹೊರಗೆ ತೆಗೆದೇ ನೋಡಿದ್ದಾರೆ. ಇಂಥ ಅದೃಷ್ಟ ಎಲ್ಲ ಅಂಬರಿಗೂ ಇಲ್ಲ.

ಇನ್ನು ಹೆಸರಿಡುವ ಕೆಲಸ. ಕಾಫಿ ತೋಟದವರಿಗೆ ಇದು ಹೊಸದೇನಲ್ಲ. ಹಣ್ಣು ಕೊರೆಯುವ ಬೆರ್ರಿ ಬೋರರ್ ಯಾವುದು, ಕಾಂಡ ಕೊರೆಯುವ ಬಿಳಿ ಕಾಂಡಕೊರಕ ಯಾವುದು ಅಂತ ನೀವು ನೋಡಿದ ತಕ್ಷಣ ಹೇಳುತ್ತೀರಿ. ಕೀಟ ಗುರುತಿಸುವ ನಾವು ಮಾಡುವುದೂ ಅದನ್ನೇ, ಸ್ವಲ್ಪ ಜಾಸ್ತಿ ಎಣಿಸುತ್ತೇವೆ ಅಷ್ಟೆ.

ಮೊದಲು ರೆಕ್ಕೆ. ಎರಡೇ ಇದ್ದರೆ ನೊಣದ ಕಡೆಯದು, ನಾಲ್ಕಿದ್ದರೆ ಜೇನು, ಕಣಜದ ಕಡೆಯದು ಇರಬಹುದು. ಆಮೇಲೆ ರೆಕ್ಕೆಯ ನರಗಳು. ಚುಚ್ಚದ ಪುಟ್ಟ ಮುಜಂಟಿ ಜೇನಿನ ಮುಂದಿನ ರೆಕ್ಕೆ ನೋಡಿ, ತುದಿಯ ಕಡೆ ನರಗಳು ಬಹುಮಟ್ಟಿಗೆ ಮಾಯ. ಮೀಸೆಯಲ್ಲಿ 12 ಗಂಟಿದ್ದರೆ ಹೆಣ್ಣು ಜೇನು, 13 ಇದ್ದರೆ ಗಂಡು. ಹಿಂಗಾಲಿನಲ್ಲಿ ಅಗಲವಾದ ಪರಾಗದ ಬುಟ್ಟಿ. ನಿಮ್ಮ ಫೋಟೊ ನೋಡಿದರೆ ನನಗೆ ಮುಜಂಟಿಯದೇ ಅನುಮಾನ. ಅದು ಅಂಟು ಹೊತ್ತು ತಂದು ಗೂಡು ಕಟ್ಟುವ ಜೇನು, ಆ ಅಂಟಿಗೇ ಸಿಕ್ಕಿಬೀಳುತ್ತದೆ. ಡೊಮಿನಿಕನ್ ದೇಶದ ಸುಮಾರು ಒಂದೂವರೆ-ಎರಡು ಕೋಟಿ ವರ್ಷದ ಅಂಬರಿನಲ್ಲಿ ಇದೇ ಬಳಗದ ಪ್ರೊಪ್ಲೆಬಿಯಾ ಅನ್ನುವ ಜೇನು ಬೇಕಾದಷ್ಟು ಸಿಗುತ್ತದೆ. ಕೆಲವಕ್ಕೆ ಕಾಲಲ್ಲಿ ಅಂಟಿನ ಉಂಡೆ ಇನ್ನೂ ಹಾಗೇ ಇರುತ್ತದೆ.

ಗಾಳಿಗುಳ್ಳೆ ಅಡ್ಡ ಬಂದು ಹಿಂಗಾಲು ಕಾಣದಿದ್ದರೆ? ಆಗ ಕುಟುಂಬದ ಹೆಸರು ಹೇಳಿ ಸುಮ್ನಿರಬೇಕು. ಊಹೆಯಿಂದ ಜಾತಿಯ ಹೆಸರು ಕೊಡುವವರನ್ನು ಕಂಡರೆ ನನಗೆ ಆಗುವುದಿಲ್ಲ. ಈಗ ಮೈಕ್ರೊ ಸಿ.ಟಿ. ಯಂತ್ರ ಎಕ್ಸ್-ರೇಯಲ್ಲಿ ಹುಳವನ್ನು ಸುತ್ತಲೂ ತೋರಿಸುತ್ತದೆ, ಆದರೂ ಹುಳದ ಒಳಗೆ ಬರೀ ಟೊಳ್ಳು ಸಿಗುವುದುಂಟು.

ತಜ್ಞರೂ ಮೋಸ ಹೋಗಿದ್ದಾರೆ. ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನಲ್ಲಿದ್ದ ಬಾಲ್ಟಿಕ್ ಅಂಬರಿನ ಒಂದು ನೊಣವನ್ನು 1966ರಲ್ಲಿ ವಿಲ್ಲಿ ಹೆನ್ನಿಗ್ ಅವರಂಥ ದೊಡ್ಡ ಕೀಟತಜ್ಞರೇ ಅಸಲಿ ಅಂತ ನಂಬಿದ್ದರು. 1993ರಲ್ಲಿ ಗುಟ್ಟು ಬಯಲಾಯಿತು. ಯಾರೋ ಅಂಬರನ್ನು ಸೀಳಿ, ಕೊರೆದು, ಈ ಕಾಲದ ಕಕ್ಕಸು ನೊಣವನ್ನು ಒಳಗಿಟ್ಟು ಅಂಟಿಸಿದ್ದರು!

ಅಂಬರ್ ಹೌದೋ ಅಲ್ಲವೋ ನೋಡೋಣ ಅಂತ ನಿಮ್ಮ ಗಟ್ಟಿಗೆ ಸದ್ಯ ಬಿಸಿ ಸೂಜಿ ಚುಚ್ಚಬೇಡಿ. ಮೇಲೆ ಒಂದು ಹನಿ ಗಟ್ಟಿ ಸಕ್ಕರೆ ಪಾಕ ಬಿಟ್ಟು, ತೆಳು ಗಾಜಿಟ್ಟು, ಫೋನಿಗೆ ಭೂತಗನ್ನಡಿ ಹಿಡಿದು ಹಿಂಗಾಲಿನ ಫೋಟೊ ತೆಗೆಯಿರಿ. ಗೀರುಗಳು ಮರೆಯಾಗಿ ಒಳಗಿನದು ಚೆನ್ನಾಗಿ ಕಾಣುತ್ತದೆ. ಆಮೇಲೆ ಪಾಕ ಒರೆಸುವುದನ್ನು ಮರೆಯಬೇಡಿ, ಇರುವೆ ಬರುತ್ತವೆ. ಫೋಟೊ ಕಳಿಸುವವರೆಗೆ ಮನೆಯಲ್ಲಿ ಯಾರೂ ಅದನ್ನು ಕೆಂಡಕ್ಕೆ ಹಾಕದಂತೆ ನೋಡಿಕೊಳ್ಳಿ.